ತಂತಿಯ ಎರಡು ತುದಿ: ಕರ್ನಾಟಕದ ವಿದ್ಯುತ್ತು, ಬೆಳವಣಿಗೆ ಮತ್ತು ಪರಿಸರದ ಲೆಕ್ಕ (1902ರಿಂದ ಇಂದಿನವರೆಗೆ)

ನಾಡಿನ ವರಮಾನ ಏರುವಾಗ ಮೊದಮೊದಲು ಮಾಲಿನ್ಯವೂ ಏರುತ್ತದೆ, ಒಂದು ಮಟ್ಟ ದಾಟಿದ ಮೇಲೆ ಇಳಿಯುತ್ತದೆ ಎಂಬ ವಾದಕ್ಕೆ 1991ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಅಂಕಿಅಂಶಗಳ ಬಲ ಕೊಟ್ಟರು. ಹಲವು ದೇಶಗಳ ನಗರಗಳ ಗಾಳಿಯಲ್ಲಿ ಅಳೆದ ಗಂಧಕದ ಡೈಆಕ್ಸೈಡ್ ಮತ್ತು ಹೊಗೆಯ ಪ್ರಮಾಣ ಅವರ ಆಧಾರ. ಮುಂದೆ ಇದು ‘ಪರಿಸರದ ಕುಜ್ನೆಟ್ಸ್ ರೇಖೆ’ ಎಂದು ಹೆಸರಾಯಿತು. ಆದರೆ ಅಳೆಯುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಈ ರೇಖೆ ಹೇಳುವುದಿಲ್ಲ. ಕರ್ನಾಟಕದ ವಿದ್ಯುತ್ ಚರಿತ್ರೆಯನ್ನು ಉತ್ಪಾದನೆಯ ಜಾಗದಿಂದ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ: ಬಳಸುವ ಊರಿನಲ್ಲಿ ಹೊಗೆ ಕಡಿಮೆಯಾದಾಗಲೆಲ್ಲ ಇನ್ನೆಲ್ಲೋ ಕಾಡೋ ಗದ್ದೆಯೋ ಹೋಗಿದೆ.

ಈ ದೂರ ಆರಂಭದಲ್ಲೇ ಇತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಕೇಂದ್ರ 1902ರಲ್ಲಿ ಕೆಲಸ ಶುರುಮಾಡಿದಾಗ ಅದರ ವಿದ್ಯುತ್ತು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಉಗಿಯಂತ್ರಗಳ ಕೆಲಸವನ್ನು ಕಾವೇರಿ ವಹಿಸಿಕೊಂಡಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಗಣಿಗಳ ನಂತರ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಗೆ ವಿದ್ಯುತ್ತು ಸಾಲದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ನೀರಾವರಿಯಷ್ಟೇ ಈ ಕೊರತೆಯೂ ಕಾರಣ. ಕಟ್ಟೆಗೆ ಹೆಸರು ಕೊಟ್ಟ ಊರೇ ನೀರಿನಡಿ ಹೋಯಿತು. ಗಣಿ ಮುಚ್ಚಿದ್ದು 2001ರಲ್ಲಿ. ಚಿನ್ನ ತೆಗೆದು ಬಿಟ್ಟ ಸೈನೈಡ್ ಮಣ್ಣಿನ ದಿಬ್ಬಗಳು ಕೆಜಿಎಫ್‌ನಲ್ಲಿ ಹಾಗೇ ಉಳಿದಿವೆ.

ಭದ್ರಾವತಿಯ ಕಥೆಯನ್ನು ನಮ್ಮ ಆರ್ಥಿಕ ಇತಿಹಾಸಕಾರರು ಇನ್ನಷ್ಟು ಎಚ್ಚರದಿಂದ ನೋಡಬೇಕಿತ್ತು. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಹಾಗಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಮರದ ಇದ್ದಿಲನ್ನು ನಂಬಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿದರೆ, ಸುತ್ತಲಿನ ಕಾಡುಗಳಿಂದ ಸೌದೆ ಬಂತು. ಇಲ್ಲಿ ಇಂಧನವೆಂದರೆ ಕಣ್ಣೆದುರಿನ ಕಾಡು. ಎಷ್ಟು ಕಬ್ಬಿಣಕ್ಕೆ ಎಷ್ಟು ಮರ ಎಂಬುದು ಯಾರಿಗೂ ಮರೆಯಾಗಿರಲಿಲ್ಲ. ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಕೆಲಸಕ್ಕಿಳಿದವು. ಶಾಖವನ್ನು ವಿದ್ಯುತ್ತೇ ಕೊಡತೊಡಗಿದ್ದರಿಂದ ಇದ್ದಿಲು ಬೇಕಾದದ್ದು ಅದಿರಿನ ಆಮ್ಲಜನಕ ಕಳೆಯುವುದಕ್ಕೆ ಮಾತ್ರ. ಕಾರ್ಖಾನೆಯಲ್ಲಿ ನಿಂತು ಅಳೆದರೆ, ಟನ್ ಕಬ್ಬಿಣಕ್ಕೆ ಬೇಕಾದ ಮರ ಕಡಿಮೆಯಾಯಿತು. ಕುಜ್ನೆಟ್ಸ್ ರೇಖೆ ಗೆದ್ದಂತೆಯೇ ಕಾಣುತ್ತದೆ. ಆ ಹೊರೆ ಸಾಗಿಹೋದದ್ದು ಶರಾವತಿಯ ಕಣಿವೆಗೆ.

ಜೋಗದ ಮೊದಲ ಕೇಂದ್ರ 1948ರಲ್ಲಿ ಆರಂಭವಾಯಿತು. ಅದಕ್ಕೆ ನೀರು ಹಿಡಿದಿಟ್ಟ ಹಿರೇಭಾಸ್ಕರ ಅಣೆಕಟ್ಟನ್ನು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯವೇ ನುಂಗಿತು. ಸುಮಾರು 151 ಟಿಎಂಸಿ ನೀರು, ಸುಮಾರು 300 ಚದರ ಕಿ.ಮೀ. ಹರಹು. ಸಾಗರ, ಹೊಸನಗರ ತಾಲ್ಲೂಕುಗಳ ಭತ್ತದ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಕಾಡು ಎಲ್ಲವೂ ಮುಳುಗಡೆಯಾದವು. ಇದರಿಂದ ದೊರೆತ ಶಕ್ತಿ ಅಂದಿನ ಮೈಸೂರು ರಾಜ್ಯವನ್ನು ಕೈಗಾರಿಕೆಗೆ ಅಗ್ಗದ ವಿದ್ಯುತ್ತು ಕೊಡುವ ರಾಜ್ಯವನ್ನಾಗಿಸಿತು. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಬೆಳವಣಿಗೆಯ ಹಿಂದೆ ಈ ನೀರಿದೆ. ಮುಳುಗಡೆ ಸಂತ್ರಸ್ತರನ್ನು ಜಿಲ್ಲೆಯ ಬೇರೆಬೇರೆ ಕಡೆ ಕಾಡು ಕಡಿದ ಜಾಗಗಳಿಗೆ ಕಳಿಸಲಾಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಜಮೀನಿನ ಹಕ್ಕುಪತ್ರವೇ ತೊಡಕಾಯಿತು. ಪರಿಸರ ಉಳಿಸುವ ಕಾನೂನು, ಪರಿಸರ ಕಳೆದುಕೊಂಡವರ ಮೇಲೆಯೇ ಎರಗಿದ ಬಗೆಯಿದು. ಹಿನ್ನೀರಿನಾಚೆಯ ಸಿಗಂದೂರು ಕಡೆಯ ಜನ ದಶಕಗಳ ಕಾಲ ಲಾಂಚ್ ಕಾದು ಓಡಾಡಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಬೆಳಕು ಕೊಟ್ಟವರಿಗೆ ದಾರಿ ಸಿಗಲು ಅರವತ್ತು ವರ್ಷ ಬೇಕಾಯಿತೆಂಬುದು ಬೆಳವಣಿಗೆಯ ಯಾವ ಸೂಚ್ಯಂಕದಲ್ಲೂ ದಾಖಲಾಗಿಲ್ಲ.

ಮಳೆ ಕೈಕೊಟ್ಟರೆ ಕತ್ತಲೆ ಎಂಬ ಸ್ಥಿತಿಯಿಂದ ಹೊರಬರಲು ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯತೊಡಗಿತು. ಹಾರುಬೂದಿ ಅಲ್ಲಿಯವರ ಪಾಲಾಯಿತು. ಅದಕ್ಕೆ ಸ್ವಲ್ಪ ಮುಂಚೆ ಶಿರಸಿಯ ತೋಟಿಗರು ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಎದುರಿಸಿದ್ದರು. ವಿಜ್ಞಾನಿಗಳನ್ನು ಕರೆಸಿ ಲಾಭ–ನಷ್ಟದ ಲೆಕ್ಕವನ್ನೇ ಮರುಪರಿಶೀಲಿಸಿದ್ದು ಅವರ ಹೆಚ್ಚುಗಾರಿಕೆ. ಮುಳುಗುವ ಅಡಿಕೆ, ಮೆಣಸು, ಕಾಡಿನ ಬೆಲೆ ಸೇರಿಸಿದರೆ ಯೋಜನೆ ಲಾಭದ್ದಲ್ಲ ಎಂದು ತೋರಿಸಿದರು, ಯೋಜನೆ ನಿಂತಿತು. ನನ್ನ ದೃಷ್ಟಿಯಲ್ಲಿ ಈ ನೂರಿಪ್ಪತ್ತು ವರ್ಷಗಳ ಚರಿತ್ರೆಯ ಅತಿ ಮುಖ್ಯ ದಾಖಲೆ ಆ ಲೆಕ್ಕವೇ: ತಂತಿಯ ಎರಡೂ ತುದಿ ಮೊದಲ ಬಾರಿಗೆ ಒಂದೇ ಕಡತದಲ್ಲಿ ಸೇರಿದ್ದವು.

ಪಾವಗಡದ ಸೌರ ಪಾರ್ಕ್ ಆ ಪಾಠವನ್ನು ಅರ್ಧ ಕಲಿತಿದೆ. ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿ ಮಾಡಲಾಯಿತು. ಪದೇ ಪದೇ ಬರ ಕಂಡ ಜಮೀನಿಗೆ ಇದು ಸಣ್ಣ ಮಾತಲ್ಲ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಜಮೀನಿಲ್ಲದವರು ಗುತ್ತಿಗೆಯ ಕರಾರಿನಲ್ಲಿ ಇಲ್ಲ.

ಬಿಸಿಲಿನ ವಿದ್ಯುತ್ತು ಸಂಜೆಗೆ ಮುಗಿಯುತ್ತದೆ. ಅದನ್ನು ಉಳಿಸಿಕೊಳ್ಳುವ ದಾರಿಯೆಂದು ಮುಂದಿಟ್ಟಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮತ್ತೆ ಶರಾವತಿಗೇ ಬಂದಿದೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸುವುದು ಅದರ ಕ್ರಮ. ಎತ್ತಲು ಬೇಕಾಗುವುದಕ್ಕಿಂತ ಕಡಿಮೆ ವಿದ್ಯುತ್ತೇ ಇಳಿಯುವಾಗ ದೊರೆಯುತ್ತದೆ. ಸುರಂಗಗಳು ಸಾಗಬೇಕಾದ್ದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ. ಯೋಜನೆಯ ವೆಚ್ಚದ ಪಟ್ಟಿಯಲ್ಲಿ ಸುರಂಗಕ್ಕೂ ಯಂತ್ರಕ್ಕೂ ಇರುವಂತೆ ಈ ಕಾಡಿಗೂ, ಕಣಿವೆಯಿಂದ ಒಮ್ಮೆ ಎದ್ದುಬಂದ ಜನರ ಹಳೆಯ ಬಾಕಿಗೂ ಒಂದೊಂದು ಸಾಲು ಇರಬೇಕು.