ಕನ್ನಡ ಗಣಕದ ಪಡಿಯಚ್ಚುಗಳೂ ಅವುಗಳ ಮಾರ್ಪಾಟಿನ ದಾಖಲೆಯೂ

ಕನ್ನಡ ಲಿಪಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಿಲೆ, ತಾಳೆಯೋಲೆ, ಅಚ್ಚಿನ ಮೊಳೆ ಎಂಬ ಮೂರು ಆಶ್ರಯಗಳನ್ನು ಹೇಳಿ ನಿಲ್ಲಿಸುವರು. ಗಣಕಯಂತ್ರವೆಂಬ ನಾಲ್ಕನೆಯ ಆಶ್ರಯಕ್ಕೂ ಈಗ ಕೆಲವು ದಶಕಗಳ ಚರಿತ್ರೆಯು ಸಂದಿದೆ. ಅನ್ಯರು ತಮ್ಮ ಲಿಪಿಗಾಗಿ ನಿರ್ಮಿಸಿದ ಪಡಿಯಚ್ಚನ್ನು ಕನ್ನಡಕ್ಕೆ ಒಗ್ಗುವಂತೆ ತಿದ್ದಿಯೇ ಈ ಯಂತ್ರವನ್ನು ಇಲ್ಲಿ ಬಳಕೆಗೆ ತರಲಾಯಿತು. ಆದರೆ ಯಾವುದನ್ನು ತಿದ್ದಿದರು, ಹೇಗೆ ತಿದ್ದಿದರು ಎಂಬುದರ ದಾಖಲೆಯು ಅನೇಕ ಸಂದರ್ಭಗಳಲ್ಲಿ ಉಳಿದುಬಂದಿಲ್ಲ. ಈ ಲೋಪದಿಂದ ಆದ ನಷ್ಟವೇನು, ಅದನ್ನು ಮುಂದೆ ತಡೆಯುವ ಬಗೆಯೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

ಪಡಿಯಚ್ಚೆಂಬುದು ಹೊಸತಾದ ವಸ್ತುವಲ್ಲ. ಕೊಕ್ಕರ್ಣೆಯೊಡನೆ ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಬಾರಕೂರು ಪೂರ್ವದಲ್ಲಿ ಆಳುಪರ ರಾಜಧಾನಿಯಾಗಿದ್ದು, ವಿಜಯನಗರದ ಅರಸರ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಸ್ಥಳವಾಗಿದ್ದಿತು. ಆ ಪ್ರಾಂತದ ಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟು ಬಹುಮಟ್ಟಿಗೆ ಒಂದೇ ಎಂಬುದು ವಿದಿತವೇ ಆಗಿದೆ. ಮಂಗಳಪದ, ಶಕವರ್ಷ, ಸಂವತ್ಸರ, ಮಾಸ, ತಿಥಿ, ಆಳುವ ಅರಸು, ಆತನ ಅಪ್ಪಣೆಯಿಂದ ಬಾರಕೂರು ರಾಜ್ಯವನ್ನು ನೋಡಿಕೊಳ್ಳುವ ಅಧಿಕಾರಿ, ದಾನದ ವಿವರ, ಕೊನೆಗೆ ಶಾಪಾಶಯ. ಇದೇ ಕಟ್ಟು ಇತರ ಸೀಮೆಗಳಲ್ಲಿಯೂ ಕಾಣುವುದು. ಆದರೆ ಕರಾವಳಿಯಲ್ಲಿ ಗೇಣಿಯ ಲೆಕ್ಕವು ಅಕ್ಕಿಯ ಮೂಡೆಯಲ್ಲಿ ನಡೆಯುತ್ತಿದ್ದಿತು, ಮೂಡೆಯ ಪ್ರಮಾಣವಾದರೋ ಎಲ್ಲೆಡೆಯೂ ಸಮನಾಗಿರಲಿಲ್ಲ. ಆದುದರಿಂದ ಎಷ್ಟು ಹಾನೆಗೆ ಒಂದು ಮೂಡೆ ಎಂಬುದನ್ನು ಶಾಸನದೊಳಗೇ ಬಿಡಿಸಿ ಹೇಳಿರುವುದುಂಟು. ಬರೆಯಿಸಿದವನು ಸಾಮಾನ್ಯವಾದ ಕಟ್ಟನ್ನು ತನ್ನ ಸೀಮೆಗೆ ಹೊಂದಿಸಿಕೊಂಡನು. ಹೊಂದಿಸಿಕೊಂಡ ಸ್ಥಳದಲ್ಲಿಯೇ ಅದರ ಅಳತೆಯನ್ನೂ ಹೇಳಿದನು. ಶತಮಾನಗಳ ಮೇಲೆ ಅದನ್ನು ಓದುವವನು ಊಹೆಗೆ ಕೈಯೊಡ್ಡಬೇಕಾಗಿಲ್ಲ.

ಅಚ್ಚಿನ ಮೊಳೆಗಳ ಕಾಲಕ್ಕೆ ಬಂದರೆ, ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಮುದ್ರಿತವಾಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವು ಅಲ್ಲಿಂದ ಹೊರಟಿತು. ಮುಂದೆ ಮೊಳೆ ಜೋಡಿಸುವ ಕೆಲಸವು ಎಲ್ಲೆಡೆಯೂ ಹಬ್ಬಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೊಳೆಪೆಟ್ಟಿಗೆಯ ಯಾವ ಮನೆಯಲ್ಲಿ ಯಾವ ಮೊಳೆಯನ್ನು ಇಡಬೇಕೆಂಬುದು ಆಯಾ ಮುದ್ರಣಾಲಯದ ಸಂಪ್ರದಾಯವು. ಒಂದರ ಕ್ರಮವು ಮತ್ತೊಂದಕ್ಕೆ ತಿಳಿಯದಿದ್ದರೂ ಓದುಗನಿಗೆ ಹಾನಿಯಿಲ್ಲ. ಅವನ ಕೈಗೆ ಬರುವುದು ಕಾಗದದ ಮೇಲಣ ಅಕ್ಷರವೇ ಹೊರತು ಪೆಟ್ಟಿಗೆಯಲ್ಲ. ಗಣಕಯಂತ್ರವು ಈ ನಿಯಮವನ್ನು ತಲೆಕೆಳಗು ಮಾಡಿತು. ಅದರ ಕಡತದಲ್ಲಿ ಅಕ್ಷರವಿರುವುದಿಲ್ಲ. ಪೆಟ್ಟಿಗೆಯ ಮನೆಯ ಸಂಖ್ಯೆ ಮಾತ್ರ ಇರುವುದು. ಮನೆಗಳ ಕ್ರಮವನ್ನು ಅರಿಯದವನಿಗೆ ಆ ಕಡತವು ಅರ್ಥವಿಲ್ಲದ ಚಿಹ್ನೆಗಳ ರಾಶಿಯು.

ಡಿ.ಟಿ.ಪಿ. ಎಂದು ಪ್ರಸಿದ್ಧವಾದ ಮುದ್ರಣಕ್ರಮವು ಕನ್ನಡನಾಡಿಗೆ ಬಂದಾಗ ಫಾಂಟಿನ ಪೆಟ್ಟಿಗೆಯಲ್ಲಿ ಇದ್ದುದು ೨೫೬ ಮನೆಗಳು; ಅವೂ ರೋಮನ್ ಲಿಪಿಗಾಗಿ ಏರ್ಪಟ್ಟವು. ಕನ್ನಡದ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಅಷ್ಟರಲ್ಲಿ ಹಿಡಿಯವು. ಆದುದರಿಂದ ಅಕ್ಷರವನ್ನು ಮೈ, ತಲೆಕಟ್ಟು, ಕೊಂಬು, ಒತ್ತು ಎಂದು ಬಿಡಿಭಾಗಗಳಾಗಿ ಒಡೆದು, ರೋಮನ್ ಅಕ್ಷರಗಳ ಮನೆಗಳಲ್ಲಿ ಅವುಗಳನ್ನು ತುಂಬಿದರು. 'ಕನ್ನಡ' ಎಂಬ ಪದವನ್ನೇ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದು, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ನಿನ ಪೀ, ಕ್ಯೂ ಅಕ್ಷರಗಳೂ ಪೌಂಡು ನಾಣ್ಯದ ಗುರುತೂ ಸೇರಿದ ಏಳು ಚಿಹ್ನೆಗಳು ಕಾಣುವುವು. ಪೌಂಡಿನ ಗುರುತು ಅಲ್ಲಿ ನಕಾರದ ಮೈಯೆಂಬುದು ಪಟ್ಟಿಯುಳ್ಳವನಿಗೆ ಮಾತ್ರ ಗೊತ್ತು.

ತೊಡಕು ಇಷ್ಟಕ್ಕೇ ನಿಲ್ಲಲಿಲ್ಲ. 'ಸೂರ್ಯ' ಎಂಬ ಪದದಲ್ಲಿ ರಕಾರವನ್ನು ಯಕಾರಕ್ಕೆ ಮೊದಲು ಉಚ್ಚರಿಸುವೆವು. ಬರೆಯುವಾಗಲಾದರೋ ಅರ್ಕಾವೊತ್ತನ್ನು ಯಕಾರದ ಬಳಿಕ ಇಡುವೆವು. ಈ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನೇ ಹಿಡಿದುವು. ಆದಕಾರಣ ಹಳೆಯ ಕಡತವನ್ನು ಉಚ್ಚಾರಣೆಯ ಕ್ರಮವನ್ನು ಅನುಸರಿಸುವ ಹೊಸ ಸಂಕೇತಕ್ಕೆ ತಿರುಗಿಸುವವನು ಚಿಹ್ನೆಗಳನ್ನು ಬದಲಿಸಿದರೆ ಸಾಲದು, ಅವುಗಳ ಸ್ಥಾನವನ್ನೂ ಪಲ್ಲಟಿಸಬೇಕು. ತಯಾರಕರು ಒಬ್ಬೊಬ್ಬರು ಒಂದೊಂದು ಕ್ರಮವನ್ನು ಹಿಡಿದಿದ್ದರಿಂದ ಪ್ರತಿಯೊಂದು ಫಾಂಟಿಗೂ ಈ ಕೆಲಸವನ್ನು ಬೇರೆಯಾಗಿಯೇ ಮಾಡಬೇಕಾಗುವುದು.

ಪರಿಹಾರದ ಮಾರ್ಗಗಳು ಆಗಲೇ ಹೊಳೆಯದೆ ಇರಲಿಲ್ಲ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಸಂಕೇತವು ೧೯೯೧ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವು ಹೊರಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ ಸರಕಾರಿ ಮಾನಕವೂ ಬಳಕೆಗೆ ಬಂದು, ಬಿಡಿಭಾಗಗಳ ಮನೆಗಳಿಗೆ ಒಂದು ಗೊತ್ತಾದ ಕ್ರಮವು ಏರ್ಪಟ್ಟಿತು. ಈ ಕ್ರಮವು ತಿಳಿದುದಾಗಿದ್ದರಿಂದಲೇ 'ನುಡಿ', 'ಬರಹ'ಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಹುಟ್ಟಿದುವು. ಪಟ್ಟಿಯನ್ನು ಬಿಟ್ಟುಹೋಗದ ಫಾಂಟುಗಳ ಗತಿಯೇ ಬೇರೆ. ಅಲ್ಲಿ ಮುದ್ರಿತ ಪ್ರತಿಯನ್ನೂ ಕಡತವನ್ನೂ ಎದುರುಬದುರಾಗಿಟ್ಟು, ಅಜ್ಞಾತ ಲಿಪಿಯನ್ನು ಬಿಡಿಸುವಂತೆ ಒಂದೊಂದಾಗಿ ಗುರುತಿಸಬೇಕಾಗುವುದು.

ತಪ್ಪು ಉಳಿದರೂ ದಾಖಲೆಯಿದ್ದರೆ ಹಾನಿಯಿಲ್ಲವೆಂಬುದಕ್ಕೆ ಯೂನಿಕೋಡಿನಲ್ಲಿಯೇ ನಿದರ್ಶನವುಂಟು. ಹಳಗನ್ನಡದ ೞಕಾರವು ಶಾಸನಗಳನ್ನು ಓದುವವರಿಗೆ ಅತ್ಯವಶ್ಯಕವಾದ ಅಕ್ಷರ. ಅದು ಬಳಕೆಯಿಂದ ಜಾರುತ್ತಿದ್ದ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವರಿಸಿದನು. ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಪ್ರಮಾದದಿಂದ 'ಕನ್ನಡ ಅಕ್ಷರ ಫ' ಎಂಬರ್ಥದ ಆಂಗ್ಲ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಮಾನಕದ ನಿಯಮವಾದುದರಿಂದ ಹೆಸರು ಹಾಗೆಯೇ ಉಳಿದಿದೆ. ಆದರೆ ಅದು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯನಾಮವನ್ನೂ ಮಾನಕದ ಪಟ್ಟಿಯಲ್ಲಿಯೇ ಕೊಟ್ಟಿರುವರು. ಪಟ್ಟಿಯನ್ನು ನೋಡಿದ ಫಾಂಟುಗಾರನು ಆ ಮನೆಯಲ್ಲಿ ಫಕಾರವನ್ನು ಇಡಲಾರನು.

ಇದುವರೆಗೆ ಹೇಳಿದುದು ಅಕ್ಷರದ ಅಚ್ಚಿನ ಮಾತಾಯಿತು. ಪುಟದ ಅಚ್ಚಿಗೂ ಇದೇ ನ್ಯಾಯವು ಸಲ್ಲುವುದು. ಈಗ ಸಂಘಸಂಸ್ಥೆಗಳು ಹೊರಗಿನಿಂದ ಬಂದ ತಂತ್ರಾಂಶವನ್ನು ತಂದು, ಅದರ ಪುಟಗಳ ಪಡಿಯಚ್ಚುಗಳನ್ನು ಕನ್ನಡಕ್ಕೆ ತಿದ್ದಿ ಬಳಸುವುದು ರೂಢಿಯಾಗಿದೆ. ಕೆಲವು ಕಾಲದ ಮೇಲೆ ತಂತ್ರಾಂಶದ ಹೊಸ ಆವೃತ್ತಿಯು ಬರುವುದು. ತಿದ್ದಿದವನು ಆ ವೇಳೆಗೆ ಬೇರೆ ಕೆಲಸಕ್ಕೆ ಹೋಗಿರಬಹುದು. ಹೊಸ ಅಚ್ಚನ್ನು ಹಾಕಿದರೆ ಕನ್ನಡದ ತಿದ್ದುಪಡಿಗಳು ಅಳಿಯುವುವು. ಹಳೆಯದನ್ನೇ ಉಳಿಸಿಕೊಂಡರೆ ಭದ್ರತೆಯ ತಿದ್ದುಪಡಿಗಳು ಒಳಗೆ ಬಾರವು. ಬದಲಾದ ಸಾಲುಗಳು ಇಂಥವೆಂದು ಬರೆದಿಟ್ಟಿದ್ದರೆ ಅಲ್ಪಕಾಲದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ, ಬರೆಯದ ಕಾರಣ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುವುದು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಏರ್ಪಾಡು ಈ ವಿಷಯದಲ್ಲಿ ಅನುಕರಣೀಯವಾದುದು. ಅಲ್ಲಿ 'ಟೆಂಪ್ಲೇಟು' ಎಂಬ ಹೆಸರಿನ ಪಡಿಯಚ್ಚುಗಳ ಪ್ರತಿಯೊಂದು ಮಾರ್ಪಾಟೂ, ಅದನ್ನು ಯಾರು ಎಂದು ಮಾಡಿದರೆಂಬ ವಿವರದೊಡನೆ ತಾನಾಗಿಯೇ ದಾಖಲಾಗುವುದು. ಆದರೆ ಏಕೆ ಮಾಡಿದರೆಂಬುದನ್ನು ಯಂತ್ರವು ಬರೆಯಲಾರದು, ತಿದ್ದುವವನೇ ಬರೆಯಬೇಕು.

ಆದುದರಿಂದ ಪಡಿಯಚ್ಚನ್ನು ತಿದ್ದುವವರು ಕನಿಷ್ಠಪಕ್ಷ ಈ ಸಂಗತಿಗಳನ್ನು ಬರೆದಿಡುವುದು ಯುಕ್ತವು: ಮೂಲದ ಅಚ್ಚು ಯಾವುದು, ಅದರ ಆವೃತ್ತಿ ಎಷ್ಟನೆಯದು, ಯಾವ ಸ್ಥಳದಲ್ಲಿ ತಿದ್ದಲಾಯಿತು, ಏತಕ್ಕಾಗಿ ತಿದ್ದಲಾಯಿತು, ಯಾರು, ಎಂದು ತಿದ್ದಿದರು, ತಿದ್ದಿದ ಮೇಲೆ ಸರಿಯಾಗಿ ನಡೆಯುವುದನ್ನು ಪರೀಕ್ಷಿಸಲು ಮಾದರಿಯೇನು. ತಿದ್ದದ ಮೂಲಪ್ರತಿಯೊಂದನ್ನೂ ಇದರ ಪಕ್ಕದಲ್ಲಿ ಇಟ್ಟಿರಬೇಕು. ಈ ಬರವಣಿಗೆಯು ಕನ್ನಡದಲ್ಲಿಯೇ ಇರತಕ್ಕದ್ದು. ಮುಂದೆ ಇದನ್ನು ಓದಬೇಕಾದವನು ಕನ್ನಡದ ಕೆಲಸಗಾರನೇ ಅಲ್ಲವೆ?

ಇದು ಕೇವಲ ಯಂತ್ರಜ್ಞರ ವಿಷಯವೆಂದು ಸಂಶೋಧಕರು ಉದಾಸೀನರಾಗಕೂಡದು. ಕೊಕ್ಕರ್ಣೆಯಂತಹ ಊರುಗಳ ದೇವಸ್ಥಾನದ ಸ್ಮರಣಸಂಚಿಕೆ, ಶಾಲೆಯ ಶತಮಾನೋತ್ಸವದ ಹೊತ್ತಗೆ, ಯಕ್ಷಗಾನದ ಪ್ರಸಂಗಪುಸ್ತಕ ಇವೇ ನಾಳಿನ ಸ್ಥಳೀಯ ಚರಿತ್ರೆಗೆ ಆಧಾರಗಳಾಗತಕ್ಕವು. ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಇಂತಹ ಬರಹಗಳ ಮುದ್ರಿತ ಪ್ರತಿಗಳನ್ನು ಗೆದ್ದಲೂ ಮಳೆಗಾಲವೂ ಕಾದಿರುವುವು. ಕಡತಗಳನ್ನಾದರೋ ಪಟ್ಟಿಯಿಲ್ಲದೆ ತೆರೆಯಲಾಗದು. ಹಳೆಯ ಫಾಂಟುಗಳ ಪಟ್ಟಿಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವುಗಳನ್ನು ಬರೆಯಿಸಿಕೊಂಡು ಗ್ರಂಥಾಲಯಗಳಲ್ಲಿ ಸೇರಿಸತಕ್ಕದ್ದು. ವಿಜಯನಗರದ ಕಾಲದಲ್ಲಿ ಬಾರಕೂರಿನ ಸೀಮೆಯಲ್ಲಿ ಅಳೆದ ಅಕ್ಕಿಯ ಲೆಕ್ಕವನ್ನು ನಾವು ಇಂದು ಓದಬಲ್ಲೆವು. ಮೂವತ್ತು ವರ್ಷಗಳ ಹಿಂದಿನ ಕನ್ನಡದ ಪುಟವನ್ನು ಓದಲಾರೆವೆಂಬ ಸ್ಥಿತಿಯು ನಮ್ಮ ಕಾಲಕ್ಕೆ ಶೋಭೆ ತರುವಂಥದಲ್ಲ.