ಲೋಕಲ್ ಅಂದ್ರೆ ಯಾರು?

ಗೋವಾದ ಕಲಂಗೂಟ್ ಕಡಲ ದಂಡೆ. ಒಂದು ಹೋಟೆಲಿನ ಮುಂದೆ ಬೋರ್ಡು: 'ಲೋಕಲ್ ಕ್ರಾಫ್ಟ್ ಬಿಯರ್, ರುಚಿ ನೋಡಿ'. ರಜೆಗೆ ಬಂದವರ ಮುಂದೆ ಮರದ ತಟ್ಟೆ, ಅದರಲ್ಲಿ ನಾಲ್ಕು ಸಣ್ಣ ಗ್ಲಾಸು, ನಾಲ್ಕು ಬಣ್ಣದ ಬಿಯರು. ನಾವು ಮೂವರು ಗೆಳೆಯರೂ ಜೇಬು ತಡಕಿ ಒಂದು ತಟ್ಟೆ ತರಿಸಿದೆವು. ಸುಳ್ಳು ಯಾಕೆ ಹೇಳಬೇಕು? ರುಚಿಯಾಗಿಯೇ ಇತ್ತು.

ಅಷ್ಟರಲ್ಲಿ ಮಣಿಸರ ಹೊತ್ತ ಒಬ್ಬ ಲಂಬಾಣಿ ತಾಯಿ ಬಂದಳು. ನಮ್ಮ ಮಾತು ಕೇಳಿ, "ಕನ್ನಡದವರೇನಪಾ?" ಅಂದಳು. ಗದಗಿನ ಕಡೆಯಾಕಿ. ಇಪ್ಪತ್ತು ವರ್ಷದಿಂದ ಇದೇ ಮರಳಲ್ಲಿ ಸರ ಮಾರಿ ಮಕ್ಕಳನ್ನು ಸಾಕಿದಾಕಿ. ಮಾತು ಮುಗಿಯುವುದರೊಳಗೆ ಹೋಟೆಲಿನ ಹುಡುಗ ಬಂದು ಅವಳನ್ನು ಆಚೆಗಟ್ಟಿದ. ಗ್ಲಾಸಿನ ಬಿಯರು ಲೋಕಲ್ಲು, ಇಪ್ಪತ್ತು ವರ್ಷ ಮರಳು ತುಳಿದಾಕಿ ಹೊರಗಿನವಳು! ಹಾಗಾದ್ರೆ ಲೋಕಲ್ ಅಂದ್ರೆ ಯಾರು? ಇದನ್ನು ಚರಿತ್ರೆಯನ್ನೇ ಕೇಳಬೇಕು.

ಬಿಯರಿನ ಮೂಲ ಜವೆಗೋಧಿ. ಕೊಂಕಣದ ಮಳೆನೆಲದ ಬೆಳೆ ಅದಲ್ಲ, ರಾಜಸ್ಥಾನ, ಉತ್ತರಪ್ರದೇಶದ ಚಳಿಗಾಲದ ಬೆಳೆ. ಕಹಿ ಕೊಡುವ ಹಾಪ್ಸ್ ಹೂವು ಬಹುಪಾಲು ಹೊರದೇಶದ್ದು. ಈ ದೇಶದಲ್ಲಿ ಬಿಯರಿನ ಕಾರ್ಖಾನೆ ಎಬ್ಬಿಸಿದ್ದು ಬಿಳಿಯ ಸೈನ್ಯದ ಬಾಯಾರಿಕೆ. ಇಂದು ಪಾಕಿಸ್ತಾನದಲ್ಲಿರುವ ಮರ್ರಿ ಬೆಟ್ಟದ ಬ್ರೂವರಿ 1860ರದ್ದು. ಅದನ್ನು ನಡೆಸುತ್ತಿದ್ದ ಎಡ್ವರ್ಡ್ ಡಯರನ ಮಗನೇ 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ರೆಜಿನಾಲ್ಡ್ ಡಯರ್. ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸನ್ನು 1915ರಲ್ಲಿ ಕಟ್ಟಿದವನೂ ಬಿಳಿಯನೇ, ಥಾಮಸ್ ಲೀಶ್‌ಮನ್. ಆಗ ಯಾರೂ ಇದನ್ನು ಕಳ್ಳಭಟ್ಟಿ ಅನ್ನಲಿಲ್ಲ.

ಈ ದಂಡೆಗೆ ತನ್ನದೇ ಪಾನೀಯವಿತ್ತು. ತೆಂಗಿನ ಹೊಂಬಾಳೆ ಕೆತ್ತಿ ಇಳಿಸುವ ಕಳ್ಳು, ಗೋವಾದವರ ಬಾಯಲ್ಲಿ ಸೂರ್. ಇಳಿಸುವವನು ರೆಂದೇರ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಳ್ಳಿಗಾಗಿ, ನಡುಹಗಲು ಒಮ್ಮೆ ಹೊಂಬಾಳೆ ಕೆತ್ತಲು, ದಿನಕ್ಕೆ ಮೂರು ಸಲ ಮರ ಹತ್ತಬೇಕು. ಕಳ್ಳಿಗೆ ಯಾರೂ ಹುಳಿ ಬೆರೆಸಬೇಕಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಕಣ್ಣಿಗೆ ಕಾಣದ ಜೀವಿಗಳೇ ಕೆಲವು ಗಂಟೆಗಳಲ್ಲಿ ಅದನ್ನು ಹುಳಿಯಾಗಿಸುತ್ತವೆ. ಅದರಿಂದಲೇ ಬೆಲ್ಲ, ವಿನೆಗರ್. ಸಣ್ಣಣ ಉಬ್ಬುವುದೂ ಅದರಿಂದಲೇ. ಪೋರ್ಚುಗೀಸರು ಬ್ರೆಜಿಲಿನಿಂದ ಗೇರು ತಂದ ಮೇಲೆ ಅದರ ಹಣ್ಣನ್ನು ಕಾಲಲ್ಲಿ ತುಳಿದು, ರಸ ಹುಳಿಸಿ, ಭಟ್ಟಿ ಇಳಿಸಿ ಫೆನಿ ಮಾಡಿದ್ದೂ ಇಂಥವೇ ಕೈಗಳು. ಇದಲ್ಲವೇ ಕ್ರಾಫ್ಟು? ಆದರೆ ಮರ ಹತ್ತಿದವನಿಗೆ ಸಿಕ್ಕಿದ್ದು ಕೀಳುಜಾತಿ ಎಂಬ ಹೆಸರು. ಅವನು ಶಿಲುಬೆ ಹಿಡಿದ ಮೇಲೂ ಆ ಹೆಸರು ಅಳಿಯಲಿಲ್ಲ.

ಈ ಕೈಗಳಿಗೆ ಸರ್ಕಾರದ ಬೇಡಿ ಬಿದ್ದದ್ದು 1878ರಲ್ಲಿ. ಬೊಂಬಾಯಿ ಅಬಕಾರಿ ಕಾಯಿದೆ ಬಂತು. ಲೈಸೆನ್ಸಿಲ್ಲದೆ ಮರ ಕೆತ್ತುವುದು ಅಪರಾಧ, ಕೆತ್ತುವ ಮರಕ್ಕೆ ತೆರಿಗೆ, ಮನೆಭಟ್ಟಿ ಬಂದ್. ಗುತ್ತಿಗೆದಾರ ದೊಡ್ಡವನಾದ. 1862ರಲ್ಲೇ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡವೂ ಇದರೊಳಗೆ ಸಿಕ್ಕಿತು. ಅದೇ 1878ರ ಡಿಸೆಂಬರಿನಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು ಗೋವಾದ ಉಪ್ಪಿನ ಮೇಲೂ ಕಳ್ಳಿನ ಮೇಲೂ ಕೈಯಿಟ್ಟರು. ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ 1886ರ ಕಾಯಿದೆ. ಜಾತಿ ಯಾವ ಕಸುಬನ್ನು ಹೊಲಸು ಅಂದಿತ್ತೋ, ಕಾನೂನು ಅದನ್ನೇ ಕಳ್ಳತನ ಅಂದಿತು. ಮನು ಮತ್ತು ದೊರೆ ಒಂದೇ ಬೆಂಚಿನಲ್ಲಿ ಕೂತರು.

ಕಳ್ಳು ಇಳಿಸುವ ಬಿಲ್ಲವರನ್ನು ದೇವಸ್ಥಾನದ ಒಳಗೆ ಬಿಡುತ್ತಿರಲಿಲ್ಲ. ಅವರು ಮಂಗಳೂರಿನ ಕುದ್ರೋಳಿಯಲ್ಲಿ ತಮ್ಮದೇ ಗುಡಿ ಕಟ್ಟಿದರು. 1912ರಲ್ಲಿ ಅದನ್ನು ಪ್ರತಿಷ್ಠೆ ಮಾಡಿದ ನಾರಾಯಣ ಗುರು ತಮ್ಮ ಈಳವ ಜನಕ್ಕೆ ಕಳ್ಳಿನ ಕಸುಬನ್ನೇ ಬಿಡಿ ಎಂದು ಬೋಧಿಸಿದವರು. ಅವಮಾನದ ಕಸುಬಿನಿಂದ ಹೊರಬರುವುದೂ ಬಿಡುಗಡೆಯ ದಾರಿಯಾಗಿತ್ತು.

ಹಾಗಂತ ನಾವು ಹೆಂಡವನ್ನು ಹಾಡಿ ಹೊಗಳಲು ಕೂತಿಲ್ಲ. ಹೆಂಡ ನಮ್ಮ ಕೇರಿಗಳಿಗೆ ಮಾಡಿದ್ದೇನು ಅಂತ ನಮ್ಮ ಅವ್ವಂದಿರ ಮೈಮೇಲಿನ ಗಾಯ ಹೇಳುತ್ತದೆ. ದಲಿತ ಸಂಘರ್ಷ ಸಮಿತಿ ಹೆಂಡದ ಬದಲು ವಸತಿಶಾಲೆ ಕೇಳಿದ್ದು ಸುಮ್ಮನೆ ಅಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಯನ್ನು ಎದುರಿಸಿದ್ದೂ ಸುಮ್ಮನೆ ಅಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಬಡವ ಕುಡಿದರೆ ಚಟ, ಉಳ್ಳವ ಕುಡಿದರೆ ರುಚಿ ಎಂಬ ನ್ಯಾಯವೂ ಉಳಿಯಿತು.

ಈಗ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಾಡಸಾರಾಯಿ ಅನ್ನಿಸಿಕೊಂಡಿದ್ದನ್ನು 2016ರಲ್ಲಿ ಗೋವಾ ಸರ್ಕಾರ ಪರಂಪರೆಯ ಪಾನೀಯ ಅಂದಿತು. ಸಂತೋಷ. ಆದರೆ ರೆಂದೇರನ ಮಗ ಮರ ಹತ್ತಲು ಒಲ್ಲೆ ಅನ್ನುತ್ತಾನೆ. ಒಲ್ಲೆ ಅನ್ನಲಿ! ಮರದಿಂದ ಬಿದ್ದರೆ ಸೊಂಟ ಅವನದ್ದು ಮುರಿಯುತ್ತದೆ, ಪರಂಪರೆಯದ್ದಲ್ಲ. ಇತ್ತ ಅದೇ ಕೋಕಂ, ಅದೇ ಮಾವು ಬಿಯರಿನೊಳಗೆ ಬಿದ್ದು 'ಲೋಕಲ್' ಆಗಿ ತಟ್ಟೆಯಲ್ಲಿ ಬರುತ್ತವೆ. ಹಣ್ಣಿಗೆ ಒಳಗೆ ಜಾಗವಿದೆ, ಹಣ್ಣು ಕಿತ್ತ ಕೈಗೆ ಇಲ್ಲ.

ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮ ಊರಲ್ಲೂ ಈಚಲು ಮರ ಕೆತ್ತಿದ ಮುದುಕರಿರಬಹುದು. ಹೋಗಿ ಕೇಳಿ. ಯಾವ ಕತ್ತಿ, ಎಷ್ಟು ಮರ, ಯಾರಿಗೆ ಎಷ್ಟು ಗುತ್ತಿಗೆ, ಎಷ್ಟು ಸಲ ಪೊಲೀಸಿನವರ ಏಟು? ಅವರು ಹೇಳಿದ್ದನ್ನು ಬರೆದಿಡಿ. ನಾಳೆ ಅದಕ್ಕೊಂದು ಲೇಬಲ್ಲು ಅಂಟುವ ಮೊದಲು ಬರೆದಿಡಿ.

ನಾವು ಎದ್ದು ಹೋಗಿ ಆ ತಾಯಿಯನ್ನು ಹುಡುಕಿದೆವು. ದೂರದಲ್ಲಿ, ನೀರಿನ ಅಂಚಿನಲ್ಲಿ ಸರ ಹರಡಿಕೊಂಡು ಕೂತಿದ್ದಳು. ಒಂದು ಸರ ಕೊಂಡೆವು. "ಬಿಯರು ಹೆಂಗಿತ್ತಪಾ?" ಅಂತ ಕೇಳಿದಳು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ.