ಗಡಿಯಾದ ನದಿ: ಕೃಷ್ಣಾ ಗ್ರಾಮ ಮತ್ತು ಸಂಗಮತೀರದ ಕನ್ನಡ

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾನದಿಯು ತಂಗಿಡಿಯ ಬಳಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯು ತೆಲಂಗಾಣವನ್ನು ಮುಟ್ಟುವುದೂ ಇಲ್ಲಿಯೇ. ಸಂಗಮದ ಕೆಳಗೆ, ಉತ್ತರ ದಡದ ಕೃಷ್ಣಾ ಗ್ರಾಮವು ಇಂದು ನಾರಾಯಣಪೇಟೆ ಜಿಲ್ಲೆಯ ಮಂಡಲಕೇಂದ್ರ. ಎದುರಿನ ದಡ ರಾಯಚೂರು ಜಿಲ್ಲೆಯದು. ಈ ಭಾಗದ ಕನ್ನಡವನ್ನು 'ಹೊರನಾಡಿನ ಕನ್ನಡ'ವೆಂದು ಕರೆಯುವುದು ವಾಡಿಕೆ. ಚರಿತ್ರೆಯನ್ನು ನೋಡಿದರೆ ಆ ಹೆಸರು ಎಷ್ಟು ಈಚಿನದೆಂಬುದು ತಿಳಿಯುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ರಾಯಚೂರು, ಮಹಬೂಬನಗರಗಳೆರಡೂ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಾಗಿದ್ದವು. ಮಹಬೂಬನಗರಕ್ಕೆ ಸೇರಿದ್ದ ಮಕ್ತಲ್ ಸೀಮೆಗೂ ರಾಯಚೂರಿಗೂ ನಡುವೆ ಇದ್ದದ್ದು ಜಿಲ್ಲೆಯ ಎಲ್ಲೆ ಮಾತ್ರ. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ ಮೇಲೆ, ಆ ಮಾರ್ಗದಲ್ಲಿರುವ ಕೃಷ್ಣಾ ನಿಲ್ದಾಣದಿಂದ ಸೇತುವೆ ದಾಟಿದರೆ ರಾಯಚೂರಿನ ಪೇಟೆ ಹತ್ತಿರವಾಯಿತು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್ ಸೀಮೆಯೂ ಮಹಬೂಬನಗರದೊಡನೆ ಅತ್ತಲೇ ಸೇರಿತು. ಜಿಲ್ಲೆಯ ಎಲ್ಲೆಯಾಗಿದ್ದ ನದಿ ರಾಜ್ಯದ ಗಡಿಯಾಯಿತು. 2014ರಲ್ಲಿ ತೆಲಂಗಾಣ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ: ಗ್ರಾಮದ ವಿಳಾಸ ಮತ್ತೆ ಮತ್ತೆ ಬದಲಾಯಿತು.

ಆದರೂ ನದಿಯ ಮೇಲಿನ ಸಂಚಾರ ನಿಂತಿಲ್ಲ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರ, ಅಂದರೆ ಕುರುಗಡ್ಡೆ, ರಾಯಚೂರು ಜಿಲ್ಲೆಗೆ ಸೇರಿದ ನಡುಗಡ್ಡೆ. ಭಕ್ತರಲ್ಲಿ ಅನೇಕರು ಮಕ್ತಲ್ ಕಡೆಯ ಪಂಚದೇವಪಹಾಡದಿಂದ ದೋಣಿಯೇರಿ ಅಲ್ಲಿಗೆ ಹೋಗುತ್ತಾರೆ. ಯಾತ್ರಿಕನಿಗೆ ಗಡಿ ಗೋಚರಿಸುವುದೇ ಇಲ್ಲ.

ಅದು ಗೋಚರಿಸುವುದು ವಿದ್ಯಾರ್ಥಿಗೆ. ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ರಾಜ್ಯಗಳನ್ನು ಮರುವಿಂಗಡಿಸಿದ 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಅದರ ಭರವಸೆ ಪ್ರಾಥಮಿಕ ಹಂತಕ್ಕೇ ಮುಗಿಯುತ್ತದೆ. ಎದುರು ದಡದ ರಾಯಚೂರಿಗೆ 371ಜೆ ವಿಧಿಯಿಂದ ದೊರೆತ ಸ್ಥಳೀಯ ಮೀಸಲಾತಿ ಕರ್ನಾಟಕದ ಎಲ್ಲೆಯೊಳಗಿನವರಿಗೆ ಮೀಸಲು. ಒಂದೇ ಭಾಷೆಯಲ್ಲಿ ಓದಿದ ಎರಡು ದಡದ ಮಕ್ಕಳ ಮುಂದಿನ ದಾರಿಗಳು ಹೀಗೆ ಬೇರೆಯಾಗುತ್ತವೆ.

ಆದ್ದರಿಂದ ಇಲ್ಲಿನ ಕನ್ನಡದ ಅಧ್ಯಯನವು ಹಳೆಯ ನೆಲೆಗಳ ಶೋಧಕ್ಕೆ ನಿಲ್ಲಲಾಗದು. ಏಳನೆಯ ಇಯತ್ತೆಗೋ ಹತ್ತನೆಯದಕ್ಕೋ ಬಂದ ಮಗು ಕನ್ನಡವನ್ನು ಏಕೆ ಬಿಡುತ್ತದೆ, ಏಕೆ ಉಳಿಸಿಕೊಳ್ಳುತ್ತದೆ ಎಂಬುದೂ ಈ ತೀರದ ಚರಿತ್ರೆಯೇ.